ಹಳೇ ಕಂಪ್ಯೂಟರ್ ಹ್ಯಾಂಗ್ ಆಗುತ್ತಾ, ನೆಟ್ ಕಡಿಯುತ್ತಾ? ‘ಯಾವಾಗ’ ಅಂತ ಮೊದಲು ನೋಡಿ

ಶಿರಸಿ ಇರಲಿ, ಕಾರವಾರ ಇರಲಿ, ಮಳೆಗಾಲದಲ್ಲಿ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಂದು ಕೂರುವ ಹಳೇ ಕಂಪ್ಯೂಟರುಗಳ ದೂರು ಹೆಚ್ಚುಕಡಿಮೆ ಒಂದೇ. “ಹ್ಯಾಂಗ್ ಆಗ್ತದೆ. ನೆಟ್ಟೂ ಸರಿಯಾಗಿ ನಿಲ್ಲೂದಿಲ್ಲ.” ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ಬಂದೇ ಬರುತ್ತದೆ: “ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಸರಿ ಆಗೂದಾ?”

ಕೆಲವೊಮ್ಮೆ ಆಗುತ್ತದೆ. ವೈರಸ್ಸೋ, ಕೆಟ್ಟ ಡ್ರೈವರೋ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್), ವರ್ಷಗಟ್ಟಲೆ ಸುಮ್ನೆ ತುಂಬಿಸುತ್ತಾ ಬಂದ ಸಾಫ್ಟ್‌ವೇರೋ ಕಾರಣವಾಗಿದ್ದರೆ ಖಂಡಿತ ಆಗುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ಹಾಳು ಮಾಡುವವರು ಬೇರೆಯೇ ಇದ್ದಾರೆ. ಕರಾವಳಿಯಲ್ಲಿ ಉಪ್ಪು ಗಾಳಿ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆರದ ಥಂಡಿ. ಎರಡೂ ಕಡೆ ಮಳೆ ಹಿಡಿಯುವ ಮುಂಚೆ ಸಿಡಿಲು, ಹಿಡಿದ ಮೇಲೆ ಲೈನಿನ ಮೇಲೆ ಬೀಳುವ ಮರ, ತೋಟದ ಪಂಪು ಶುರುವಾದ ಕೂಡಲೇ ಕುಸಿಯುವ ವೋಲ್ಟೇಜು. ಇವ್ಯಾವೂ ಫಾರ್ಮ್ಯಾಟಿಗೆ ಹೆದರುವುದಿಲ್ಲ. ಫಾರ್ಮ್ಯಾಟಿನಲ್ಲಿ ಹೋಗುವುದು ಮೊಮ್ಮಗಳ ನಾಮಕರಣದ ಫೋಟೊ ಮಾತ್ರ.

ಆದ್ದರಿಂದ ‘ಏನಾಗುತ್ತದೆ’ ಅನ್ನುವುದನ್ನು ಸ್ವಲ್ಪ ಬದಿಗಿಟ್ಟು ‘ಯಾವಾಗ ಆಗುತ್ತದೆ’ ಅಂತ ನೋಡಬೇಕು. ಚಾಲೂ ಮಾಡಿದ ಅರ್ಧ ಗಂಟೆಗಾ? ಫೈಲ್ ತೆರೆದಾಗ ಮಾತ್ರವಾ? ಕರೆಂಟು ಹೋಗಿ ಇನ್ವರ್ಟರ್‌ಗೆ ಬಂದ ಹೊತ್ತಿಗಾ? ಜೋರು ಮಳೆ ಬಂದ ದಿನವಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಸ್ಕ್ರೂ ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಒಂದು ಹಾಳೆಯಲ್ಲಿ ಬರೆದಿಡುತ್ತಾ ಹೋಗಿ. ಹ್ಯಾಂಗ್ ಆದಾಗ ಎಷ್ಟು ಹೊತ್ತು, ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಬೇರೇನು ಚಾಲೂ ಇತ್ತು. ಒಂದು ವಾರದಲ್ಲಿ ಏನೋ ಒಂದು ಲೆಕ್ಕ ಕಾಣಿಸುತ್ತದೆ.

ನಿಂತಿದೆಯಾ, ಕಾಯುತ್ತಾ ಇದೆಯಾ?

ನಾವು ಹ್ಯಾಂಗ್ ಅನ್ನುವುದರಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಇಡೀ ಯಂತ್ರವೇ ನಿಂತು ಹೋಗುವುದು ಒಂದು. ಯಾವುದರದ್ದೋ ಉತ್ತರಕ್ಕೆ ಕಾಯುತ್ತಾ ಕೂರುವುದು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಮಾಡುವ ಉಪಾಯ ಕೀಬೋರ್ಡಿನಲ್ಲೇ ಇದೆ: ಹ್ಯಾಂಗ್ ಆದ ಹೊತ್ತಿಗೆ ಕ್ಯಾಪ್ಸ್ ಲಾಕ್ ಒತ್ತಿ. ಆ ದೀಪ ಹತ್ತುವುದು ಆರುವುದು ಕೀಬೋರ್ಡು ತನ್ನಷ್ಟಕ್ಕೆ ಮಾಡುವ ಕೆಲಸವಲ್ಲ, ವಿಂಡೋಸ್ ಹೇಳಿದ ಮೇಲೆಯೇ ಹತ್ತುತ್ತದೆ. ದೀಪ ಬದಲಾಗುತ್ತಿದ್ದರೆ ಒಳಗೆ ಜೀವ ಇದೆ, ಯಾವುದೋ ಪ್ರೋಗ್ರಾಂ ಅಥವಾ ಡಿಸ್ಕ್ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ದೀಪ ಮಿಸುಕದೆ, ಮೌಸ್ ಬಾಣವೂ ಅಲ್ಲಾಡದೆ, ಹಾಡು ಹಾಕಿದ್ದರೆ ಅದರ ಒಂದೇ ಚೂರು ಗರ್ರ್ ಅಂತ ಕೂಗುತ್ತಿದ್ದರೆ ಇಡೀ ಯಂತ್ರ ನಿಂತಿದೆ. ಅಂಥದ್ದರ ಹಿಂದೆ ಸಾಮಾನ್ಯವಾಗಿ ಇರುವುದು ಬಿಸಿ, ರ‍್ಯಾಮ್ (ಓಡುತ್ತಿರುವ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ), ಕರೆಂಟಿನ ಪೂರೈಕೆ ಅಥವಾ ಯಾವುದೋ ಡ್ರೈವರ್.

ಕಾಯುವ ಜಾತಿಯ ಹ್ಯಾಂಗಿಗೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ವಿಂಡೋಸ್ 10ರಲ್ಲಿ ಡಿಸ್ಕ್ ಅನ್ನುವ ಕಾಲಂನಲ್ಲಿ 100% ಅಂತ ನಿಂತೇ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ಹಳೇ ಹಾರ್ಡ್ ಡಿಸ್ಕ್ ಒಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತದೆ. ಲ್ಯಾಪ್‌ಟಾಪಿನದ್ದಾದರೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಡೆಸ್ಕ್‌ಟಾಪಿನದ್ದು 7200. ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಬೇಕಾದ್ದನ್ನು ಹಿಡಿಯಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಚದುರಿ ಬಿದ್ದ ಚೂರುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಓದಬಹುದು, ಅಷ್ಟೇ. ಇತ್ತ ರ‍್ಯಾಮ್ 2 ಅಥವಾ 4 ಜಿಬಿ ಮಾತ್ರ. ಕ್ರೋಮಿನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ರ‍್ಯಾಮ್ ತುಂಬುತ್ತದೆ. ತುಂಬಿದ್ದನ್ನು ವಿಂಡೋಸ್ ಡಿಸ್ಕಿಗೆ ಇಳಿಸುತ್ತದೆ, ಬೇಕಾದಾಗ ವಾಪಸ್ ಏರಿಸುತ್ತದೆ. ನಿಧಾನದ ಡಿಸ್ಕಿನಲ್ಲಿ ಈ ಇಳಿಸಾಟ ಏರಿಸಾಟ ಶುರುವಾಯಿತೋ, ನೀವು ಕ್ಲಿಕ್ ಮಾಡಿ ಚಾ ಕುಡಿದು ಬರಬಹುದು. ಇದಕ್ಕೆ ಮದ್ದು ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್), ಸಾಧ್ಯವಾದರೆ ರ‍್ಯಾಮನ್ನೂ ಸ್ವಲ್ಪ ಏರಿಸುವುದು. ಹಳೇ ಯಂತ್ರಕ್ಕೆ ದುಡ್ಡು ಹಾಕುವುದಿದ್ದರೆ ನಾನಂತೂ ಮೊದಲು ಇಲ್ಲಿಗೇ ಹಾಕಿ ಅನ್ನುತ್ತೇನೆ.

ಆದರೆ ಡಿಸ್ಕ್ ನಿಧಾನವಾಗಿರುವುದು ಬೇರೆ, ಸಾಯುತ್ತಿರುವುದು ಬೇರೆ. ಮೌಸ್ ಬಾಣ ಆರಾಮಾಗಿ ಓಡಾಡುತ್ತದೆ, ಏನೂ ತೆರೆಯುವುದಿಲ್ಲ, ಒಂದೆರಡು ನಿಮಿಷ ಬಿಟ್ಟು ತಾನಾಗಿ ಸರಿಹೋಗುತ್ತದೆ, ಒಂದೇ ಫೋಲ್ಡರಿಗೆ ಹೋದಾಗ ಮತ್ತೆ ಹಾಗೇ. ಇದು ಕೆಟ್ಟ ಸೆಕ್ಟರಿನ ಲಕ್ಷಣ. ಡಿಸ್ಕಿನ ಒಂದು ಜಾಗ ಓದಲು ಬಾರದೆ ಹೋದಾಗ ಅದು ಸುಮ್ಮನೆ ಕೈಚೆಲ್ಲುವುದಿಲ್ಲ, ಪುನಃ ಪುನಃ ಪ್ರಯತ್ನಿಸುತ್ತದೆ. ವಿಂಡೋಸ್ ಕೂಡ ಸಾಮಾನ್ಯವಾಗಿ 60 ಸೆಕೆಂಡಿನ ತನಕ ಅದಕ್ಕಾಗಿ ಕಾಯುತ್ತದೆ. ಅಷ್ಟು ಹೊತ್ತು ನಿಮ್ಮ ಪಾಲಿಗೆ ಹ್ಯಾಂಗ್. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗಿನಲ್ಲಿ ನೋಡಿದರೆ ಡಿಸ್ಕ್ ಅನ್ನುವ ಹೆಸರಿನಲ್ಲಿ 7ನೇ ನಂಬರಿನ ದೋಷ ಸಿಗಬಹುದು, ಅದರ ಅರ್ಥ ಕೆಟ್ಟ ಬ್ಲಾಕ್ ಇದೆ ಅಂತಲೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಒಳಗೇ ಇಟ್ಟುಕೊಳ್ಳುವ ಸ್ಮಾರ್ಟ್ ಅನ್ನುವ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ 05 ಮತ್ತು ಸಿ5 ಅನ್ನುವ ಎರಡು ಸಾಲು ನೋಡಿ. 05 ಅಂದರೆ ಈಗಾಗಲೇ ಬಿಟ್ಟುಬಿಟ್ಟ ಸೆಕ್ಟರ್‌ಗಳು. ಸಿ5 ಅಂದರೆ ಸದ್ಯ ಓದಲು ತಕರಾರು ಮಾಡುತ್ತಿರುವವು. ಕಚ್ಚಾ ಲೆಕ್ಕದ ಜಾಗದಲ್ಲಿ ಸೊನ್ನೆ ಇದ್ದರೆ ನೆಮ್ಮದಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಡಿಸ್ಕಿನ ಮೇಲೆ ಅನುಮಾನ ಬಂದ ಕೂಡಲೇ ‘ಚೆಕ್ ಡಿಸ್ಕ್’ ಓಡಿಸಬೇಡಿ. ಕೆಟ್ಟ ಸೆಕ್ಟರ್ ಹುಡುಕಲು ಹೇಳಿದರೆ ಅದು ಇಡೀ ತಟ್ಟೆಯನ್ನು ಮೂಲೆಮೂಲೆಯೂ ಓದಿಸುತ್ತದೆ. ಮೊದಲೇ ಬಸವಳಿದ ಡಿಸ್ಕ್ ಅಷ್ಟು ಕೆಲಸದ ನಡುವೆಯೇ ಪ್ರಾಣ ಬಿಡಬಹುದು. ಮೊದಲು ಫೋಟೊ, ಪಹಣಿ, ಸೊಸೈಟಿಯ ಲೆಕ್ಕ, ಏನೇನು ಬೇಕೋ ಎಲ್ಲ ಬೇರೆ ಕಡೆ ನಕಲು ಮಾಡಿ. ಪರೀಕ್ಷೆ ಆಮೇಲೆ.

ಬಿಸಿ, ಥಂಡಿ, ಉಪ್ಪು

ಇನ್ನು ಯಂತ್ರವೇ ನಿಂತುಬಿಡುವ ಜಾತಿ. ಬೆಳಿಗ್ಗೆ ಚಾಲೂ ಮಾಡಿದಾಗ ಚೆನ್ನಾಗಿದ್ದು, ಇಪ್ಪತ್ತು ಮೂವತ್ತು ನಿಮಿಷಕ್ಕೆ ನಿಧಾನವಾಗಿ, ಆಮೇಲೆ ನಿಲ್ಲುತ್ತದೆ ಅಥವಾ ತಾನೇ ಆಫ್ ಆಗುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ಇದು ಬಿಸಿಯ ಕಥೆ. ಪ್ರೊಸೆಸರ್ ತೀರಾ ಬಿಸಿಯಾದಾಗ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಅದರಿಂದಲೂ ಆಗದಿದ್ದರೆ ಸುಟ್ಟುಹೋಗದಂತೆ ಯಂತ್ರವನ್ನೇ ಆರಿಸುತ್ತದೆ. ಅಡಿಕೆ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ಧೂಳು ಫ್ಯಾನಿನ ಹಿಂದೆ ಕೂತು, ಮಳೆಗಾಲದ ಥಂಡಿಗೆ ಅಂಟಿಕೊಂಡು, ಹೀಟ್‌ಸಿಂಕಿನ ಸಂದುಗಳಲ್ಲಿ ದಪ್ಪಗೆ ಕಂಬಳಿ ಹೊದಿಸಿರುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ಹೊರಗೆ ಬರುವುದಿಲ್ಲ. ಪ್ಲಗ್ ತೆಗೆದು, ಜಗಲಿಗೆ ತಂದು, ಒಣ ಬ್ರಶ್ಶಿನಿಂದ ಉದುರಿಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ, ಸುಮ್ನೆ ಗರಗರ ತಿರುಗಿದರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿ ಪುಡಿಯಾಗಿದ್ದರೆ ಹಳೆಯದನ್ನು ಒರೆಸಿ ಹೊಸದು ಹಚ್ಚಬೇಕು. ಕಾಳಿನಷ್ಟು ಸಾಕು.

ಯಾವುದೇ ಲೆಕ್ಕಕ್ಕೂ ಸಿಗದೆ, ಕೆಲವೊಮ್ಮೆ ಚಾಲೂ ಆದ ಎರಡೇ ನಿಮಿಷಕ್ಕೆ, ಕೆಲವೊಮ್ಮೆ ಇಡೀ ದಿನ ಬಿಟ್ಟು, ನೀಲಿ ಪರದೆ ಬಂದೋ ಬಾರದೆಯೋ ನಿಲ್ಲುತ್ತಿದ್ದರೆ ರ‍್ಯಾಮಿನ ಕಡೆ ತಿರುಗಿ. ಕರಾವಳಿಯ ಮನೆಗಳಲ್ಲಿ ರ‍್ಯಾಮ್ ಕಡ್ಡಿ ಕಿತ್ತು ಬೆಳಕಿಗೆ ಹಿಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಕೆಳಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಹೊಸತರಲ್ಲಿ ಪಳಪಳ. ನಾಲ್ಕು ಮಳೆಗಾಲ ಕಂಡಿದ್ದರಲ್ಲಿ ಮಬ್ಬು ಹೊಗೆ ಹಿಡಿದ ಹಾಗೆ, ಒಂದೆರಡು ಹಲ್ಲಿನ ಅಂಚಿನಲ್ಲಿ ಹಸಿರು ಚುಕ್ಕೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ನಿಜ. ಆದರೆ ಆ ಲೇಪ ಬಹಳ ತೆಳು, ಅದರ ಸಣ್ಣ ಸಣ್ಣ ರಂಧ್ರದಿಂದ ಉಪ್ಪು ತೇವ ಇಳಿದು ಅಡಿಯ ತಾಮ್ರವನ್ನು ಮುಟ್ಟುತ್ತದೆ. ಸಂಪರ್ಕ ಒಮ್ಮೆ ಇದ್ದು ಒಮ್ಮೆ ಇಲ್ಲದಂತಾಗುತ್ತದೆ. ರ‍್ಯಾಮಿನಲ್ಲಿ ಒಂದು ಬಿಟ್ ತಪ್ಪಿದರೂ ಯಂತ್ರ ನಿಲ್ಲಲು ಸಾಕು.

ಮಾಡಬೇಕಾದ್ದು ಇಷ್ಟೇ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಹೊರಹಾಕಿ. ಕ್ಯಾಬಿನೆಟ್ಟಿನ ಬರೀ ಲೋಹದ ಭಾಗ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎರಡು ಬದಿಯ ಕ್ಲಿಪ್ ಬಿಡಿಸಿ ಕಡ್ಡಿ ತೆಗೆದು, ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ. ಪುಡಿ ಒರೆಸಿ. ಬೆರಳು ತಾಗಿಸದೆ ವಾಪಸ್ ಕೂರಿಸಿ, ಕ್ಲಿಪ್ ಟಕ್ ಅಂತ ತಾನೇ ಮುಚ್ಚಬೇಕು. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಆಮೇಲೆ ಮೆಮ್‌ಟೆಸ್ಟ್86+ ಅಥವಾ ವಿಂಡೋಸಿನದೇ ಮೆಮೊರಿ ಡಯಗ್ನೋಸ್ಟಿಕ್ ಅನ್ನು ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಆ ಕಡ್ಡಿಯನ್ನು ಇಟ್ಟುಕೊಂಡು ಪ್ರಯೋಜನ ಇಲ್ಲ.

ಅಂದ ಹಾಗೆ, ಮಳೆಗಾಲದಲ್ಲಿ ಕಂಪ್ಯೂಟರನ್ನು ಪ್ಲಾಸ್ಟಿಕ್ ಹೊದಿಸಿ ತಿಂಗಳುಗಟ್ಟಲೆ ಇಟ್ಟುಬಿಡುವುದು ರಕ್ಷಣೆ ಅಲ್ಲ. ಒಳಗಿನ ತೇವ ಹೊರಗೆ ಹೋಗುವ ದಾರಿ ಮುಚ್ಚಿದಂತೆ. ದಿನಕ್ಕೆ ಒಂದಿಷ್ಟು ಹೊತ್ತು ಚಾಲೂ ಇದ್ದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಇರುವೆ, ಜಿರಲೆ, ಹಲ್ಲಿ ಮೊಟ್ಟೆ ಇತ್ಯಾದಿ ಬಾಡಿಗೆದಾರರ ಕಾಟವೂ ಕಡಿಮೆ.

ಕರೆಂಟು

ಲೈಟ್ ಒಮ್ಮೆ ಮಂಕಾಯಿತು, ಕಂಪ್ಯೂಟರ್ ನಿಂತಿತು. ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯಿತು, ಟಿವಿ ನಡೆಯುತ್ತಲೇ ಇದೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್. ಇಂಥ ಮನೆಯಲ್ಲಿ ವಿಂಡೋಸನ್ನು ಬೈದು ಉಪಯೋಗ ಇಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಅನ್ನುವ ಡಬ್ಬಿ ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುತ್ತದೆ. ಹೊರಗಿನ ಕರೆಂಟು ಕಡಿದರೆ ತನ್ನ ಕೆಪಾಸಿಟರಿನಲ್ಲಿ ಇದ್ದಷ್ಟರಲ್ಲಿ ಸುಮಾರು 16ರಿಂದ 20 ಮಿಲಿಸೆಕೆಂಡ್ ದೂಡುತ್ತದೆ. ಹಳೇ ಎಸ್‌ಎಂಪಿಎಸ್‌ಗೆ ಅಷ್ಟೂ ತಾಕತ್ತು ಇರುವುದಿಲ್ಲ. ಮನೆಯ ಇನ್ವರ್ಟರಿನಲ್ಲಿ ಹಿಂದುಗಡೆ ಅಥವಾ ಮೇಲೆ ಯುಪಿಎಸ್ ಮೋಡ್ ಅನ್ನುವ ಒಂದು ಸ್ವಿಚ್ ಇದ್ದರೆ ನೋಡಿ. ಸಾಮಾನ್ಯ ಮೋಡಿನಲ್ಲಿ ಅದು ಲೈನಿನಿಂದ ಬ್ಯಾಟರಿಗೆ ಬದಲಾಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸ್ವಿಚ್ ಯುಪಿಎಸ್ ಕಡೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ.

ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಅಂತ ಕೆಂಪು ಗುರುತು ಕಂಡು ಬಹಳ ಜನ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ನಿಯಮದ ಪ್ರಕಾರ ಶಟ್‌ಡೌನ್ ಆಗಿರಲಿಲ್ಲ. ನೀವೇ ಬಟನ್ ಒತ್ತಿ ಹಿಡಿದು ಆರಿಸಿದ್ದರೂ ಅದೇ ಬರುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದಾ? ಅರ್ಥಿಂಗ್ ಸರಿ ಇಲ್ಲ ಅಂತ ತಿಳಿಯಿರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಅಷ್ಟಿಷ್ಟು ಸೋರಿಕೆಯನ್ನು ಅರ್ಥಿಗೆ ಕಳಿಸುವಂತೆಯೇ ಇರುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಡಬ್ಬಿಯ ಮೈಮೇಲೆ ನಿಲ್ಲುತ್ತದೆ. ಚಿರೆಕಲ್ಲಿನ ನೆಲ ಏಪ್ರಿಲ್ ಮೇ ಹೊತ್ತಿಗೆ ಒಣಗಿ ಕಟ್ಟಿಗೆ ಆದಾಗ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯುವ ರೂಢಿ ಸುಮ್ನೆ ಬಂದಿದ್ದಲ್ಲ. ಎಲೆಕ್ಟ್ರಿಶಿಯನ್ನರನ್ನು ಕರೆಸಿ ತೋರಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ 300 ವೋಲ್ಟಿಗಿಂತ ಜಾಸ್ತಿ ಸ್ವಲ್ಪ ಹೊತ್ತು ಉಳಿದಿರಬಹುದು.

ನೆಟ್ ಎಲ್ಲಿ ನಿಂತಿದೆ?

ನೆಟ್ ಇಲ್ಲ ಅಂದಾಗ ಮೊದಲು ಅದೇ ವೈಫೈಯಲ್ಲಿ ಮೊಬೈಲ್ ನೋಡಿ, ಮೊಬೈಲ್ ಡೇಟಾ ಆಫ್ ಮಾಡಿಕೊಂಡು. ಮೊಬೈಲಿನಲ್ಲೂ ಇಲ್ಲ ಅಂದರೆ ಕಂಪ್ಯೂಟರ್ ತಂಟೆಗೆ ಹೋಗಬೇಡಿ. ಫೈಬರ್ ಡಬ್ಬಿಯಲ್ಲಿ ಲಾಸ್ (LOS) ಅನ್ನುವ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕು ನಿಮ್ಮ ಮನೆ ತನಕ ಬರುತ್ತಿಲ್ಲ, ಎಲ್ಲೋ ಕೊಂಬೆ ಬಿದ್ದು ಕೇಬಲ್ ಕಡಿದಿದೆ. ಕಂಪ್ಲೇಂಟ್ ಕೊಟ್ಟು ಸುಮ್ಮನಿರಿ.

ಮೊಬೈಲಿನಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಮಾಡಿ. ಮನೆಯಿಂದ ಹೊರಟವರು ಜಗಲಿ ಇಳಿದರಾ, ದಣಪೆ ದಾಟಿದರಾ, ಟಾರ್ ರಸ್ತೆ ಮುಟ್ಟಿದರಾ ಅಂತ ಒಂದೊಂದೇ ಕಡೆ ವಿಚಾರಿಸಿದ ಹಾಗೆ ಇದು. 127.0.0.1ಕ್ಕೆ ಪಿಂಗ್ ಮಾಡಿದರೆ ಕಂಪ್ಯೂಟರ್ ತನ್ನನ್ನು ತಾನೇ ಕೇಳಿಕೊಳ್ಳುತ್ತದೆ. ಉತ್ತರ ಬಾರದಿದ್ದರೆ ವಿಂಡೋಸಿನ ನೆಟ್‌ವರ್ಕ್ ಭಾಗವೇ ಕೆಟ್ಟಿದೆ. ನಂತರ ರೌಟರ್, ಬಹಳ ಮನೆಗಳಲ್ಲಿ ಅದು 192.168.1.1. ಇಲ್ಲಿ ತಪ್ಪಿದರೆ ಕೇಬಲ್, ವೈಫೈ ಅಥವಾ ಕಾರ್ಡಿನ ದೋಷ. ರೌಟರ್ ಸಿಕ್ಕಿತು ಅಂದರೆ 8.8.8.8, ಇದು ಗೂಗಲ್‌ನ ಸಾರ್ವಜನಿಕ ಡಿಎನ್ಎಸ್. ಅದೂ ಉತ್ತರ ಕೊಟ್ಟಿತು, ಆದರೆ ಗೂಗಲ್ ಡಾಟ್ ಕಾಮ್ ಅಂತ ಹೆಸರು ಹಾಕಿ ಪಿಂಗ್ ಮಾಡಿದರೆ ಬರುವುದಿಲ್ಲ ಅಂದರೆ, ಹೆಸರನ್ನು ನಂಬರಿಗೆ ಬದಲಿಸಿಕೊಡುವ ಡಿಎನ್ಎಸ್ ಕೆಲಸ ಮಾಡುತ್ತಿಲ್ಲ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ.

ಕಂಪ್ಯೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರು) 169.254 ಅಂತ ಶುರುವಾಗಿದೆಯಾ? ರೌಟರ್ ವಿಳಾಸ ಕೊಡಲಿಲ್ಲ, ವಿಂಡೋಸ್ ತಾನೇ ಒಂದನ್ನು ಹಾಕಿಕೊಂಡು ಕೂತಿದೆ. ಕೇಬಲ್ ಇದ್ದರೆ ಅದರ ಪ್ಲಗ್ ಬಿಡಿಸಿ ಹಲ್ಲು ನೋಡಿ. ಕಾರವಾರ, ಗೋಕರ್ಣದಂಥ ಕಡೆ ಸಮುದ್ರದ ಕಡೆ ಕಿಟಕಿ ಇರುವ ಮನೆಗಳಲ್ಲಿ ಆ ಎಂಟು ಹಲ್ಲುಗಳಿಗೂ ರ‍್ಯಾಮಿಗೆ ಬಂದ ಗತಿಯೇ ಬಂದಿರುತ್ತದೆ. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಒಂದು ಹಲ್ಲು ಕಿಲುಬು ಹಿಡಿದರೆ ನೆಟ್ ಪೂರ್ತಿ ನಿಲ್ಲದೆ ವೇಗ ಮಾತ್ರ ಬಿದ್ದುಹೋಗುವುದೂ ಉಂಟು.

ಎಲ್ಲ ಪಿಂಗೂ ಸರಿ, ಆದರೂ ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಇದು ವಿಚಿತ್ರ ಅನ್ನಿಸುತ್ತದೆ ಅಲ್ವಾ? ಅಂಕೋಲೆ ಕಡೆಯ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಇದೇ ಆಗಿತ್ತು. ರೌಟರ್ ಬದಲಿಸಿ ಆಗಿತ್ತು, ಫಾರ್ಮ್ಯಾಟೂ ಆಗಿತ್ತು. ಯಾವ ಸೈಟಿಗೆ ಹೋದರೂ ನಿಮ್ಮ ಕನೆಕ್ಷನ್ ಸುರಕ್ಷಿತವಲ್ಲ ಅನ್ನುವ ಕೆಂಪು ಎಚ್ಚರಿಕೆ.

“ಮಾಸ್ತರೇ, ಇವತ್ತು ಯಾವ ತಾರೀಕು?”

“ಎಂತಕೆ ತಮಾ? ಕ್ಯಾಲೆಂಡರ್ ಅಲ್ಲೇ ನೇತಾಡ್ತದಲ್ಲ.”

ಗೋಡೆಯ ಮೇಲಿನದು ಸರಿಯಾಗಿಯೇ ಇತ್ತು. ಪರದೆಯ ಬಲಮೂಲೆಯ ಗಡಿಯಾರದಲ್ಲಿ ಮಾತ್ರ 2009ರ ಜನವರಿ 1.

ಇವತ್ತು ಹೆಚ್ಚಿನೆಲ್ಲ ಸೈಟುಗಳೂ ತಾವು ಅಸಲಿ ಅಂತ ತೋರಿಸಲು ಒಂದು ಸರ್ಟಿಫಿಕೇಟ್ ಹಿಡಿದಿರುತ್ತವೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರುತ್ತದೆ. ಬ್ರೌಸರ್ ಅದನ್ನು ಕಂಪ್ಯೂಟರಿನ ತಾರೀಕಿನ ಜೊತೆ ಹೋಲಿಸಿ ನೋಡುತ್ತದೆ. ಕಂಪ್ಯೂಟರ್ 2009ರಲ್ಲಿ ಕೂತಿದ್ದರೆ ಈಗಿನ ಯಾವ ಸರ್ಟಿಫಿಕೇಟೂ ಅದರ ಪಾಲಿಗೆ ಇನ್ನೂ ಶುರುವಾಗಿಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032, 3 ವೋಲ್ಟಿನದ್ದು. ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ ನಡೆಸುವುದು ಅದು. ಗೋಡೆಯ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್‌ನಿಂದ ಬರುವ ಸ್ಟ್ಯಾಂಡ್‌ಬೈ ಕರೆಂಟು ಈ ಸೆಲ್ಲಿನ ಭಾರ ಹೊರುತ್ತದೆ. ನಮ್ಮ ಕಡೆ ಸಿಡಿಲಿಗೆ ಹೆದರಿ ಎಲ್ಲರೂ ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತಿಡುತ್ತೇವೆ. ಮಾಡಬೇಕಾದ್ದೇ ಅದು. ಆದರೆ ಆಗ ಇಡೀ ಭಾರ ಆ ಸಣ್ಣ ಸೆಲ್ಲಿನ ಮೇಲೇ, ಬೇಗ ಖಾಲಿ. ನೆಟ್‌ನಿಂದ ವಿಂಡೋಸ್ ತಾನೇ ಸಮಯ ಸರಿಮಾಡಿಕೊಳ್ಳುವುದಿಲ್ಲವಾ ಅಂತ ಕೇಳಬಹುದು. ಮನೆಯ ಕಂಪ್ಯೂಟರಿನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಅದು ತಾನಾಗಿ ಮುಟ್ಟಲು ಹೋಗುವುದಿಲ್ಲ, ಅದು ಮೂಲ ಸೆಟ್ಟಿಂಗ್. ಸೆಲ್ ಬದಲಿಸಿ ತಾರೀಕು ಹಾಕಿದರೆ ಆಯಿತು. ಒಂದೇ ಜಾಗ್ರತೆ: ಸೆಲ್ ಖಾಲಿಯಾದಾಗ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗೂ ಮೊದಲಿನಂತಾಗಿ ಡಿಸ್ಕಿನ ಮೋಡ್ ಎಎಚ್‌ಸಿಐಯಿಂದ ಐಡಿಇಗೆ ಹಾರಿರಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಡಿಸ್ಕ್ ಹೋಯಿತು ಅಂತ ಗಾಬರಿಯಾಗದೆ ಆ ಮೋಡನ್ನು ಮೊದಲಿದ್ದ ಹಾಗೆ ಮಾಡಿ ನೋಡಿ.

ತಾರೀಕು ಸರಿಯಿದ್ದೂ ಕೆಲವು ಸೈಟು ತೆರೆಯದಿದ್ದರೆ ಬ್ರೌಸರ್ ಹಳೆಯದಾಗಿರಬಹುದು. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಗೇ ಮುಗಿಯಿತು, 2023ರಲ್ಲಿ.

ವೈಫೈ ವಿಷಯ. ಚಿರೆಕಲ್ಲಿನ ದಪ್ಪ ಗೋಡೆ, ಅದೂ ಮಳೆ ನೀರು ಕುಡಿದದ್ದು, ವೈಫೈಗೆ ದೊಡ್ಡ ವೈರಿ. 5 ಗಿಗಾಹರ್ಟ್ಸ್ ಒಂದು ಗೋಡೆಗೇ ಸುಸ್ತಾಗುತ್ತದೆ, 2.4 ಸ್ವಲ್ಪ ದೂರ ಹೋಗುತ್ತದೆ. ಹಳೇ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಕಾಣುವುದು. ಹೊಸ ರೌಟರನ್ನು ಡಬ್ಲ್ಯುಪಿಎ3 ಅನ್ನುವ ಹೊಸ ಬಗೆಯ ವೈಫೈ ಭದ್ರತೆಗೆ ಮಾತ್ರ ಹೊಂದಿಸಿದ್ದರೆ ಹಳೇ ಕಾರ್ಡಿಗೆ ಸೇರಲು ಬಾರದು, ಡಬ್ಲ್ಯುಪಿಎ2ಗೆ ಇಳಿಸಬೇಕು. ಅಮೆರಿಕದಿಂದ ಮಗ ತಂದುಕೊಟ್ಟ ಲ್ಯಾಪ್‌ಟಾಪಿಗೆ ಮಾತ್ರ ಮನೆಯ ವೈಫೈ ಕಾಣುವುದಿಲ್ಲ ಅಂದರೆ ರೌಟರಿನ ಚಾನೆಲ್ ನೋಡಿ. ನಮ್ಮಲ್ಲಿ 13ರ ತನಕ ಇದೆ, ಅಲ್ಲಿಯ ಹಳೇ ಕಾರ್ಡುಗಳು 11ರ ತನಕ ಮಾತ್ರ ನೋಡುತ್ತವೆ. 1, 6, 11ರಲ್ಲಿ ಒಂದಕ್ಕೆ ಇಡಿ.

ಸಿಡಿಲಾದ ಮರುದಿನದಿಂದ ಕೇಬಲ್ ಹಾಕುವ ಜಾಗದ ದೀಪವೇ ಹತ್ತುವುದಿಲ್ಲ ಅಂದರೆ ಪೋರ್ಟ್ ಸುಟ್ಟಿದೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಹೊಡೆತ ಬಂದಿರುವುದು ಹೆಚ್ಚಾಗಿ ರೌಟರಿನ ಅಡಾಪ್ಟರಿನಿಂದ. ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೆ. ಆದ್ದರಿಂದ ಗುಡುಗು ಕೇಳಿದಾಗ ರೌಟರಿನ ಪ್ಲಗ್ಗು, ಲ್ಯಾನ್ ಕೇಬಲ್ ಎರಡನ್ನೂ ತೆಗೆಯಿರಿ. ಪೋರ್ಟ್ ಹೋದ ಯಂತ್ರವನ್ನು ಎಸೆಯಬೇಕಿಲ್ಲ, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಿಗುತ್ತದೆ.

ಎರಡೂ ಒಟ್ಟಿಗೆ ಆದರೆ

ಹ್ಯಾಂಗು, ನೆಟ್ ಕಡಿತ ಎರಡೂ ಒಂದೇ ಹೊತ್ತಿಗೆ ಬಂದರೆ ಕಾರಣವೂ ಬಹಳ ಸಲ ಒಂದೇ ಇರುತ್ತದೆ. ವೈಫೈ ಕಾರ್ಡಿನ ಡ್ರೈವರ್ ಸಿಕ್ಕಿಹಾಕಿಕೊಂಡರೆ ವಿಂಡೋಸನ್ನೂ ಎಳೆದುಕೊಂಡು ಬೀಳುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಇದನ್ನು ಆರಿಸಬಹುದು ಅನ್ನುವ ಟಿಕ್ ಗುರುತು ತೆಗೆಯಿರಿ. ಹಳೇ ಯಂತ್ರದಲ್ಲಿ ಒಮ್ಮೆ ಆರಿಸಿದ ಕಾರ್ಡು ಮತ್ತೆ ಸರಿಯಾಗಿ ಏಳುವುದಿಲ್ಲ. ಎಸ್‌ಎಂಪಿಎಸ್ ಸೋತು 5 ವೋಲ್ಟು ಕುಸಿದರೂ ಯುಎಸ್‌ಬಿ ವೈಫೈ ಡಾಂಗಲ್ ಬಿದ್ದುಹೋಗಿ ಜೊತೆಗೆ ಯಂತ್ರವೂ ತಡವರಿಸುತ್ತದೆ.

ಆದರೆ ಇದಕ್ಕಿಂತ ಜಾಸ್ತಿ ಕಾಣುವುದು ಯಾವ ದೋಷವೂ ಇಲ್ಲದ ಒಂದು ಪ್ರಸಂಗ. ಮನೆಯ ಕಂಪ್ಯೂಟರನ್ನು ತಿಂಗಳಿಗೊಮ್ಮೆ ಪಹಣಿ ತೆಗೆಯಲೋ, ಬಿಲ್ ಕಟ್ಟಲೋ ಚಾಲೂ ಮಾಡುತ್ತಾರೆ. ತಿಂಗಳ ಬಾಕಿ ಅಪ್‌ಡೇಟೆಲ್ಲ ಅದೇ ಹೊತ್ತಿಗೆ ಇಳಿಯಲು ಶುರು. ಆಂಟಿವೈರಸ್ಸೂ ತನ್ನ ಬಾಕಿ ಸ್ಕ್ಯಾನ್ ಹಿಡಿದುಕೊಳ್ಳುತ್ತದೆ. ನೆಟ್ ಪೂರಾ ಅಪ್‌ಡೇಟಿಗೆ, ಡಿಸ್ಕ್ ಪೂರಾ ಸ್ಕ್ಯಾನಿಗೆ. ಎದುರು ಕೂತವರಿಗೆ ನೆಟ್ಟೂ ಇಲ್ಲ, ಕಂಪ್ಯೂಟರೂ ಇಲ್ಲ. ಬೇಸತ್ತು ಬಟನ್ ಒತ್ತಿ ಹಿಡಿದು ಆರಿಸುತ್ತಾರೆ. ಅರ್ಧಕ್ಕೆ ನಿಂತ ಕೆಲಸ ಮುಂದಿನ ತಿಂಗಳು ಮತ್ತೆ ಶುರುವಾಗುತ್ತದೆ. ಮಳೆ, ಸಿಡಿಲು ಇಲ್ಲದ ಒಂದು ರಾತ್ರಿ ಅದನ್ನು ಚಾಲೂ ಬಿಟ್ಟು ಮಲಗಿ, ಸ್ಲೀಪ್ ಆಗದಂತೆ ಸೆಟ್ಟಿಂಗ್ ಮಾಡಿ. ಎಷ್ಟೋ ಯಂತ್ರಗಳ ಕಾಯಿಲೆ ಅಲ್ಲಿಗೇ ವಾಸಿ.

ಇಷ್ಟೆಲ್ಲ ಆಗಿಯೂ ವಿಂಡೋಸಿನದ್ದಾ, ಹಾರ್ಡ್‌ವೇರಿನದ್ದಾ ಅಂತ ಗೊತ್ತಾಗದಿದ್ದರೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಓಡಿಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡುವುದು ಬೇಡ, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಒಂದು ಮಧ್ಯಾಹ್ನ ಅದರಲ್ಲೇ ವಿಡಿಯೊ ನೋಡಿ, ನೆಟ್ ಬಳಸಿ. ಅಲ್ಲೂ ನಿಂತರೆ ಹಾರ್ಡ್‌ವೇರ್ ದೋಷ, ಫಾರ್ಮ್ಯಾಟಿನ ಮಾತು ಬಿಡಿ. ಅಲ್ಲಿ ಚೆನ್ನಾಗಿ ಓಡಿದರೆ ಉಳಿದಿದ್ದು ವಿಂಡೋಸ್ ಅಥವಾ ಡಿಸ್ಕ್ ಮಾತ್ರ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ರ‍್ಯಾಮ್ ಉಜ್ಜಿ, ಡ್ರೈವರ್ ಬದಲಿಸಿ, ಎಸ್‌ಎಂಪಿಎಸ್ ಹೊಸದು ಹಾಕಿ ಎಲ್ಲ ಒಂದೇ ಸಂಜೆ ಮಾಡಿದರೆ ಸರಿಯಾಗಿದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ, ಮತ್ತೆ ಕೆಟ್ಟಾಗ ಮೊದಲಿನಿಂದ ಹುಡುಕಾಟ.

ಎಲ್ಲಿಗೆ ಕೈಬಿಡಬೇಕು ಅನ್ನುವುದಕ್ಕೂ ಒಂದು ಗುರುತಿದೆ. ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿನ ಸುತ್ತ ನಿಂತಿರುವ ಸಣ್ಣ ಉರುಟು ಕೆಪಾಸಿಟರುಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿ, ಕಂದು ರಸ ಒಸರಿದ್ದರೆ ಬೋರ್ಡಿನ ಆಯುಷ್ಯ ಮುಗಿಯುತ್ತಾ ಬಂದಿದೆ. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಇದು ದೊಡ್ಡ ಪಿಡುಗೇ ಆಗಿತ್ತು. ಬೆಸುಗೆ ಬಲ್ಲವರು ಬದಲಿಸಿಕೊಡುತ್ತಾರೆ, ಆದರೆ ಅಷ್ಟು ಹಳೇ ಯಂತ್ರಕ್ಕೆ ಆ ಖರ್ಚು ನನ್ನ ಲೆಕ್ಕದಲ್ಲಿ ಹೊಂದುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಹಳೇ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಬೋರ್ಡ್ ಗಟ್ಟಿ ಇದ್ದರೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಓಡಿಸಿ, ಪತ್ರ ಬರೆಯಲು, ಯಕ್ಷಗಾನದ ವಿಡಿಯೊ ನೋಡಲು, ಮಕ್ಕಳ ಜೊತೆ ಮಾತಾಡಲು ಧಾರಾಳ ಸಾಕು. ಬೋರ್ಡೇ ಹೋಗಿದ್ದರೆ ಡಿಸ್ಕ್ ಬಿಚ್ಚಿಕೊಂಡು ಒಂದು ಯುಎಸ್‌ಬಿ ಕೇಸಿಗೆ ಹಾಕಿ, ಫೋಟೊಗಳನ್ನೆಲ್ಲ ಬೇರೆ ಕಡೆ ಇಳಿಸಿಕೊಂಡ ಮೇಲೆ ಉಳಿದದ್ದನ್ನು ಗುಜರಿಗೆ ಕೊಡಿ.